ಫೌಂಡ್ರಿಯ ಹೊಗೆ ಯಾರ ಲೆಕ್ಕಕ್ಕೆ?

ಬೆಳಗಾವಿಯ ಉದ್ಯಮಬಾಗಕ್ಕೆ ಅವತ್ತು ನಾನು ಹೋಗಿದ್ದು ಒಂದು ಫೌಂಡ್ರಿಯ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ, ಆಡಿಟ್‌ಗೆ. ಆಗ ನಾನು ವಿದೇಶಿ ಬಂಡವಾಳದ ಒಂದು ವಾಹನ ಬಿಡಿಭಾಗ ಕಂಪನಿಯಲ್ಲಿದ್ದೆ. ಬೆಂಗಳೂರಿನ ಹೊರಗಿದ್ದ ನಮ್ಮ ಕಾರ್ಖಾನೆಯಲ್ಲಿ ನೆಲ ಹೊಳೆಯುತ್ತಿತ್ತು. ರಿಸೆಪ್ಷನ್ ಗೋಡೆಯ ಮೇಲೆ ಪರಿಸರ ನಿರ್ವಹಣೆಗೆ ಕೊಡುವ ಐಎಸ್‌ಓ 14001 ಸರ್ಟಿಫಿಕೇಟು. ಹೊಗೆ ಅನ್ನೋದನ್ನು ನಾನಂತೂ ಅಲ್ಲಿ ಕಂಡಿಲ್ಲ. ಬರುವುದಾದರೂ ಎಲ್ಲಿಂದ? ಕಬ್ಬಿಣ ಕರಗಿಸುವ ಕೆಲಸವೇ ನಮ್ಮಲ್ಲಿರಲಿಲ್ಲ. ಎರಕದ ಮಾಲು ಇಂಥ ಫೌಂಡ್ರಿಗಳಿಂದ ಲಾರಿಯಲ್ಲಿ ಬರುತ್ತಿತ್ತು. ನಾವು ಅದನ್ನು ಕೊರೆದು, ನುಣುಪು ಮಾಡಿ, ಜೋಡಿಸುತ್ತಿದ್ದೆವು.

ನಾನು ಹೋದ ದಿನ ಫೌಂಡ್ರಿಯಲ್ಲಿ ಕುಪೋಲಾ ಹೊತ್ತಿಸಿದ್ದರು. ಇದು ಎತ್ತರದ ಕುಲುಮೆ. ಮೇಲಿನಿಂದ ಒಂದು ಪದರ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ), ಒಂದು ಪದರ ಬೀಡು ಮತ್ತು ಗುಜರಿ ಕಬ್ಬಿಣ, ಜೊತೆಗೊಂದಿಷ್ಟು ಸುಣ್ಣದ ಕಲ್ಲು ಸುರಿಯುತ್ತಾರೆ. ಕೆಳಗಿನಿಂದ ಬ್ಲೋವರ್ ಗಾಳಿ ಊದುತ್ತದೆ. ಹೊತ್ತಿಸಿದ ಹೊಸದರಲ್ಲಿ ಹೊಗೆ ಜಾಸ್ತಿ. ಗಂಧಕದ ಘಾಟು ನೇರ ಗಂಟಲಿಗೇ ಇಳಿಯುತ್ತದೆ. ನನ್ನ ಹತ್ತಿರ ಕಂಪನಿ ಕೊಟ್ಟ ಮಾಸ್ಕ್ ಇತ್ತು. ಕೋಕ್ ಸುರಿಯುತ್ತಿದ್ದವರು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು.

ಚೆಕ್‌ಲಿಸ್ಟ್ ಹಿಡಿದು ಮಾಲೀಕರನ್ನು ಕೇಳಿದೆ: ಹೊಗೆಗೆ ನೀರು ಚಿಮುಕಿಸಿ ಧೂಳು ಹಿಡಿಯುವ ಸ್ಕ್ರಬ್ಬರ್ ಯಾಕೆ ಹಾಕಿಲ್ಲ?

"ಸಾಹೇಬ್ರ, ಸ್ಕ್ರಬ್ಬರ್ ಹಾಕ್ರಿ ಅಂತ ನೀವು ಬರತೀರಿ. ರೇಟ್ ಇಳಸ್ರಿ ಅಂತ ನಿಮ್ಮ ಪರ್ಚೇಸ್‌ನವರು ಬರತಾರ. ಯಾರ ಮಾತ ಕೇಳಬೇಕ್ರಿ ನಾವು?"

ಹೇಳಿದ್ದು ಸುಳ್ಳಲ್ಲ. ಈ ವ್ಯವಹಾರದಲ್ಲಿ ಕಾಸ್ಟ್ ಡೌನ್ ಅನ್ನೋದು ವರ್ಷಾವರ್ಷದ ಪದ್ಧತಿ. ಅದೇ ಮಾಲು, ಅದೇ ತೂಕ, ದರ ಮಾತ್ರ ಹೋದ ವರ್ಷಕ್ಕಿಂತ ಕಡಿಮೆ ಇರಬೇಕು. ಕೋಕ್ ದರ ಏರಿದೆ ಅಂದರೆ ಒಂದಿಷ್ಟು ಚೌಕಾಸಿ ಮಾಡಿಯಾದರೂ ಒಪ್ಪುತ್ತಾರೆ. ಸ್ಕ್ರಬ್ಬರ್ ಖರ್ಚು ಅಂದರೆ ಯಾರೂ ಒಪ್ಪುವುದಿಲ್ಲ.

ವಿದೇಶಿ ಕಾರಿಗೂ ಇಂಥ ಊರುಗಳ ಫೌಂಡ್ರಿಗಳಿಗೂ ನಂಟು ಬೆಳೆಯುವುದಕ್ಕೆ ಸರ್ಕಾರದ ಒತ್ತಾಸೆಯೂ ಇತ್ತು. 1997ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಂದು ಷರತ್ತು ಹಾಕಿತು. ಇಲ್ಲಿ ಕಾರು ಮಾಡುವ ವಿದೇಶಿ ಕಂಪನಿಗಳು ಮೂರು ವರ್ಷದಲ್ಲಿ ಶೇ. 50, ಐದು ವರ್ಷದಲ್ಲಿ ಶೇ. 70ರಷ್ಟು ಬಿಡಿಭಾಗ ಇಲ್ಲೇ ಕೊಳ್ಳಬೇಕು ಅಂತ. 2001ರಲ್ಲಿ ಆ ಷರತ್ತು ಹೋಯಿತು, ಕೊಳ್ಳುವ ಅಭ್ಯಾಸ ಉಳಿಯಿತು. ಕೆಲಸ ಸಿಕ್ಕಿತು, ಕುಶಲತೆ ಬಂತು. ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಶೇ. 70ರ ಜೊತೆಗೆ ಅದರ ಹೊಗೆಯೂ ಇಲ್ಲೇ ಆಗುತ್ತದೆ, ಅಲ್ವಾ? ಅದರ ಮಾತು ಷರತ್ತಿನಲ್ಲಿರಲಿಲ್ಲ.

ಅರ್ಥಶಾಸ್ತ್ರದವರು ಈ ಬಗ್ಗೆ ಬಹಳ ವರ್ಷಗಳಿಂದ ಜಗಳ ಆಡುತ್ತಿದ್ದಾರೆ. ಕಾನೂನು ಸಡಿಲ ಇರುವ ದೇಶಕ್ಕೆ ಕೊಳಕು ಕೆಲಸ ಹುಡುಕಿಕೊಂಡು ಬರುತ್ತದೆ ಅನ್ನೋದು 'ಪೊಲ್ಯೂಷನ್ ಹೇವನ್' ವಾದ. ವಿದೇಶಿ ಕಂಪನಿ ಒಳ್ಳೆಯ ಯಂತ್ರ ತರುತ್ತದೆ, ಅದನ್ನು ನೋಡಿ ಸುತ್ತಲಿನವರೂ ಕಲಿಯುತ್ತಾರೆ ಅನ್ನೋದು 'ಪೊಲ್ಯೂಷನ್ ಹೇಲೋ' ವಾದ. ನಮ್ಮ ಕಾರ್ಖಾನೆ ನೋಡಿದವರಿಗೆ ಎರಡನೆಯದು ಸರಿ. ಆ ಫೌಂಡ್ರಿಯಲ್ಲಿ ನಿಂತವರಿಗೆ ಮೊದಲನೆಯದು. ಮಾಲು ಮಾತ್ರ ಒಂದೇ. ನಮ್ಮ ಪರಿಸರ ವರದಿಯ ಲೆಕ್ಕ ನಮ್ಮ ಗೇಟಿಗೇ ಮುಗಿಯುತ್ತಿತ್ತು.

ಕಾರಿನ ಹೊಗೆಗೆ ಮಾತ್ರ ಬೇರೆ ನ್ಯಾಯ. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಕಡ್ಡಾಯ ಆಯಿತು. ಇಂಧನದ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿದ್ದದ್ದು 10ಕ್ಕೆ ಇಳಿಯಿತು. ಸ್ವದೇಶಿ, ವಿದೇಶಿ ಎಲ್ಲ ಕಂಪನಿಗಳೂ ಎಂಜಿನ್ ಬದಲಿಸಿದವು, ಖರ್ಚನ್ನು ಕಾರಿನ ಬೆಲೆಗೆ ಸೇರಿಸಿದವು. ಫೌಂಡ್ರಿಯವರಿಗೆ ಹಾಗೆ ಸೇರಿಸುವ ದಾರಿಯೇ ಇಲ್ಲ.

ನನ್ನ ವರದಿಯಲ್ಲಿ ಸ್ಕ್ರಬ್ಬರ್ ಖರ್ಚಿನ ಒಂದು ಪಾಲನ್ನು ದರದಲ್ಲಿ ಕೊಡಬಹುದು ಅಂತ ಬರೆದೆ. ಅದು ಆಡಿಟ್ ವ್ಯಾಪ್ತಿಗೆ ಬರುವುದಿಲ್ಲ ಅಂತ ಉತ್ತರ ಬಂತು. ಆಮೇಲೆ ಆ ಮಾಲೀಕರು ಬ್ಯಾಂಕ್ ಸಾಲ ಮಾಡಿ ಕರೆಂಟಿನಲ್ಲಿ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್ ಹಾಕಿಸಿದರು. ಈಗ ಕುಪೋಲಾ ಹೊತ್ತಿಸುವುದು ಕಮ್ಮಿ, ಉದ್ಯಮಬಾಗದಲ್ಲಿ ಅಷ್ಟರಮಟ್ಟಿಗೆ ಹೊಗೆಯೂ ಕಮ್ಮಿ. ಆ ಫರ್ನೇಸು ಕುಡಿಯುವ ಕರೆಂಟಿನಲ್ಲಿ ಒಂದು ಪಾಲು ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಸುಟ್ಟು ಬಂದದ್ದು. ಸಾಲದ ಕಂತು ಅವರದ್ದೇ. ಕಾಸ್ಟ್ ಡೌನ್ ಪತ್ರ ಆ ವರ್ಷವೂ ಹೋಗಿತ್ತು.