ಸ್ಯಾಂಡ್‌ಹಿಲ್ಸ್‌ನಲ್ಲಿ ಇನ್ನೂರು ಹಸುಗಳ ಗುರುವಾರ

ನೆಬ್ರಾಸ್ಕದ ಚೆರಿ ಕೌಂಟಿಯಲ್ಲಿ ಫೋನಿನ ಗಡಿಯಾರವನ್ನು ನಂಬುವ ಹಾಗಿಲ್ಲ. ಆ ಕೌಂಟಿಯ ಪೂರ್ವಭಾಗ ಸೆಂಟ್ರಲ್ ಟೈಮಿಗೆ ಸೇರಿದ್ದು, ಪಶ್ಚಿಮಭಾಗ ಮೌಂಟನ್ ಟೈಮಿಗೆ. ನಡುವೆ ಒಂದು ಗಂಟೆ ವ್ಯತ್ಯಾಸ. ಆ ಗೆರೆಗೆ ಹತ್ತಿರದ ರ‍್ಯಾಂಚುಗಳಲ್ಲಿ ಗುಡ್ಡದ ಈ ಮಗ್ಗುಲಿಗೆ ನಿಂತರೆ ಫೋನು ಆರು ಗಂಟೆ ಅನ್ನುತ್ತದೆ, ಆ ಮಗ್ಗುಲಿಗೆ ಹೋದರೆ ಬೇರೆ ಟವರ್ ಹಿಡಿದು ಏಳು ಅನ್ನುತ್ತದೆ. ಬೇರೆ ದಿನವಾದರೆ ನಕ್ಕು ಬಿಡಬಹುದು. ಆದರೆ ಇನ್ನೂರು ಹಸುಗಳಿಗೆ ಒಂದೇ ಬೆಳಗ್ಗೆ ಕೃತಕ ಗರ್ಭಧಾರಣೆ ಆಗಬೇಕು, ಅದೂ ಚುಚ್ಚುಮದ್ದು ಕೊಟ್ಟ 60ರಿಂದ 66 ಗಂಟೆಯೊಳಗೆ ಮುಗಿಯಬೇಕು ಅಂತಿರುವಾಗ ಒಂದು ಗಂಟೆ ಅಂದರೆ ಸಣ್ಣದಲ್ಲ. ಮಾಲೀಕನ ಹೆಂಡತಿ ಅಡುಗೆಮನೆಯ ಗೋಡೆ ಗಡಿಯಾರ ತಂದು ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿ, ಅದರ ಕೆಳಗೆ ದಪ್ಪ ಮಾರ್ಕರಿನಲ್ಲಿ 'ಟೈಮ್ ಅಂದರೆ ಇದೇ' ಅಂತ ಬರೆದುಬಿಟ್ಟಿದ್ದಳು. ಪಕ್ಕದ ರ‍್ಯಾಂಚಿನಿಂದ ಸಹಾಯಕ್ಕೆ ಬಂದ ಹುಡುಗರು ಒಂದು ಗಂಟೆ ಮೊದಲೇ ಬಂದು ಪಿಕಪ್ಪಿನಲ್ಲಿ ನಿದ್ದೆ ಹೊಡೆಯುತ್ತಿದ್ದರು.

ನಾನು ಹೆಬ್ಬಾಳದಲ್ಲಿ ವೆಟರ್ನರಿ ಓದಿ, ತುಮಕೂರು ಕಡೆ ಸ್ವಲ್ಪ ಕಾಲ ಹಳ್ಳಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಸಂತಾನೋತ್ಪತ್ತಿ ವಿಷಯದಲ್ಲೇ ಮುಂದೆ ಓದಲು ಇಲ್ಲಿಗೆ ಬಂದವಳು. ನಮ್ಮಲ್ಲಿ ಹಸು ಬೆದೆಗೆ ಬಂದರೆ ಅದೇ ಹೇಳುತ್ತದೆ. ರಾತ್ರಿಯಿಡೀ ಕೂಗುತ್ತದೆ, ಮೇವು ಮುಟ್ಟುವುದಿಲ್ಲ, ಹಾಲು ಇಳಿಸುವುದಿಲ್ಲ, ತಿಳಿ ಲೋಳೆ ಸುರಿಸುತ್ತದೆ. ಮನೆಯ ಹೆಂಗಸರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಬೆಳಗ್ಗೆ ಬೆದೆ ಕಂಡರೆ ಸಂಜೆ ಹಾಕಿಸು, ಸಂಜೆ ಕಂಡರೆ ಮಾರನೇ ಬೆಳಗ್ಗೆ ಹಾಕಿಸು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಫೋನು ಹೋದರೆ ವೀರ್ಯ ಹೆಪ್ಪುಗಟ್ಟಿಸಿಟ್ಟ ದ್ರವ ಸಾರಜನಕದ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಒಬ್ಬರು ಬರುತ್ತಾರೆ, ಇಲ್ಲವೇ ಹಸುವೇ ಆಸ್ಪತ್ರೆಯ ಟ್ರೆವಿಸ್‌ಗೆ, ಅಂದರೆ ದನ ನಿಲ್ಲಿಸುವ ಚೌಕಟ್ಟಿಗೆ, ನಡೆದು ಬರುತ್ತದೆ.

ಇಲ್ಲಿ ಯಾರು ನೋಡಬೇಕು? ಸ್ಯಾಂಡ್‌ಹಿಲ್ಸ್ ಅಂದರೆ ಹುಲ್ಲು ಹೊದ್ದ ಮರಳುಗುಡ್ಡಗಳ ಸೀಮೆ. ಚೆರಿ ಕೌಂಟಿಯೊಂದೇ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು, ಅಲ್ಲಿ ಜನರಿಗಿಂತ ದನ ಹೆಚ್ಚು. ಬೆದೆ 21 ದಿನಕ್ಕೊಮ್ಮೆ ಬಂದು ಹನ್ನೆರಡರಿಂದ ಹದಿನೆಂಟು ಗಂಟೆಯಲ್ಲಿ ಮುಗಿಯುವಂಥದ್ದು. ಇನ್ನೂರು ಹಸುಗಳೂ ಸರಿಯಾಗಿ ಬೆದೆಗೆ ಬರುತ್ತಿವೆ ಅಂದುಕೊಂಡರೂ ಒಂದು ದಿನಕ್ಕೆ ಒಂಬತ್ತೋ ಹತ್ತೋ ಬೆದೆಯಲ್ಲಿರುತ್ತವೆ. ಆ ಹತ್ತನ್ನು ಮೈಲಿಗಟ್ಟಲೆ ಗುಡ್ಡಗಳಲ್ಲಿ ಹುಡುಕಿ, ಕುದುರೆಯ ಮೇಲೆ ಅಟ್ಟಿಕೊಂಡು ಬಂದು, ನಾಳೆ ಇನ್ನು ಹತ್ತಕ್ಕೆ ಅದೇ ಪಾಡು. ಅದಕ್ಕೇ ಬೀಫ್ ಹಿಂಡುಗಳಲ್ಲಿ ಬಹುಪಾಲು ಇವತ್ತಿಗೂ ಗೂಳಿ ಬಿಟ್ಟೇ ನಡೆಯುತ್ತದೆ. ಒಳ್ಳೆಯ ತಳಿಯ ವೀರ್ಯ ಬೇಕು ಅನ್ನುವವರಿಗೆ ಇರುವ ದಾರಿ ಒಂದೇ: ಎಲ್ಲ ಹಸುಗಳ ಬೆದೆಯನ್ನೂ ಒಂದೇ ಹೊತ್ತಿಗೆ ತರುವುದು. ಧರ್ಮಸ್ಥಳದ ಸಾಮೂಹಿಕ ವಿವಾಹದ ಹಾಗೆ, ಎಲ್ಲರಿಗೂ ಒಂದೇ ಮುಹೂರ್ತ.

ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಮುಹೂರ್ತದ ಭಾಗ ಅವಳಿಗೆ ಸಲೀಸಾಗಿ ಅರ್ಥವಾಯಿತು. ಸಿಕ್ಕಿಹಾಕಿಕೊಂಡದ್ದು ಬೇರೆ ಕಡೆ. 'ಹಾಲು ಯಾರು ಕರೀತಾರೆ ಅಷ್ಟಕ್ಕೂ?' ಯಾರೂ ಕರೆಯುವುದಿಲ್ಲ, ಕರುವೇ ಕುಡಿಯುತ್ತದೆ ಅಂದೆ. 'ಪೂರ್ತಿ?' ಪೂರ್ತಿ. ಒಂದು ಗಳಿಗೆ ಸುಮ್ಮನಿದ್ದು, 'ಪುಣ್ಯವಂತ ಕರುಗಳು' ಅಂದಳು. ಆ ಕರುಗಳ ಮುಂದಿನ ಕಥೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆ ಮಾತು ನಾವಿಬ್ಬರೂ ಎತ್ತುವುದಿಲ್ಲ.

ನಾವು ಅನುಸರಿಸಿದ ಪದ್ಧತಿಯ ಹೆಸರು ಏಳು ದಿನದ ಕೋ-ಸಿಂಕ್ ಪ್ಲಸ್ ಸೀಡರ್. ಇದರ ಬೇರು ಇರುವುದು, ಹಾರ್ಮೋನು ಚುಚ್ಚಿ ಎಲ್ಲ ಹಸುಗಳಲ್ಲೂ ಒಂದೇ ಹೊತ್ತಿಗೆ ಅಂಡ ಬಿಡುಗಡೆ ಮಾಡಿಸುವ ಓವ್‌ಸಿಂಕ್‌ನಲ್ಲಿ. ವಿಸ್ಕಾನ್ಸಿನ್‌ನಲ್ಲಿ ಪರ್ಸ್ಲಿ, ಮೀ ಮತ್ತು ವಿಲ್ಟ್‌ಬ್ಯಾಂಕ್ ಡೇರಿ ಹಸುಗಳ ಮೇಲೆ ಕೆಲಸ ಮಾಡಿ 1995ರಲ್ಲಿ ಪ್ರಕಟಿಸಿದ್ದು ಅದು. ಡೇರಿ ಹಸು ದಿನವೂ ಕೈಗೆ ಸಿಗುತ್ತದೆ, ಬೀಫ್ ಹಸು ಸಿಗುವುದಿಲ್ಲ. ಅದಕ್ಕೆ ಓವ್‌ಸಿಂಕ್‌ನ ಕೊನೆಯ ಚುಚ್ಚುಮದ್ದನ್ನೂ ಗರ್ಭಧಾರಣೆಯನ್ನೂ ಒಂದೇ ಸಲಕ್ಕೆ ಮುಗಿಸುವ ಹಾಗೆ ಮಾಡಿಕೊಂಡದ್ದು ಕೋ-ಸಿಂಕ್. ಒಟ್ಟು ಮೂರು ಸಲ ಹಿಂಡನ್ನು ಒಟ್ಟುಮಾಡಿದರೆ ಕೆಲಸ ಮುಗಿಯಿತು.

ಮೊದಲ ಸೋಮವಾರ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಚುಚ್ಚಿ, ಯೋನಿಯೊಳಗೆ ಸೀಡರ್ ಇಟ್ಟೆವು. ಇಂಗ್ಲಿಷಿನ ಟಿ ಅಕ್ಷರದ ಆಕಾರದ ನೈಲಾನ್ ಕಡ್ಡಿ ಅದು. ಮೇಲಿನ ಸಿಲಿಕೋನ್ ಹೊದಿಕೆಯಲ್ಲಿ ಬೆದೆ ತಡೆಹಿಡಿಯುವ ಹಾರ್ಮೋನು ಪ್ರೊಜೆಸ್ಟರೋನ್ 1.38 ಗ್ರಾಂ ಇರುತ್ತದೆ. ಒಳಗೆ ತೂರಿಸುವಾಗ ರೆಕ್ಕೆ ಮಡಚಿಕೊಂಡು, ಒಳಗೆ ಹೋದಮೇಲೆ ಬಿಚ್ಚಿಕೊಂಡು ಕೂರುತ್ತದೆ. ಹೊರಗೆ ಒಂದು ನೀಲಿ ಬಾಲ ಮಾತ್ರ ಇಣುಕುತ್ತದೆ. ಆ ಬಾಲವನ್ನು ಗಿಡ್ಡವಾಗಿ ಕತ್ತರಿಸದಿದ್ದರೆ ಪಕ್ಕದ ಹಸು ಕಚ್ಚಿ ಎಳೆದುಹಾಕುತ್ತದೆ. ಜಿಎನ್‌ಆರ್‌ಎಚ್ ಕೆಲಸ, ಅಂಡಾಶಯದಲ್ಲಿ ಬೆಳೆದು ನಿಂತ ಫಾಲಿಕಲ್, ಅಂದರೆ ಅಂಡವಿರುವ ಗುಳ್ಳೆ, ಒಡೆಯುವಂತೆ ಮಾಡಿ, ಹೊಸ ಸುತ್ತು ಎಲ್ಲದರಲ್ಲೂ ಒಟ್ಟಿಗೆ ಶುರುವಾಗುವ ಹಾಗೆ ನೋಡಿಕೊಳ್ಳುವುದು. ಸೀಡರ್ ಇರುವಷ್ಟು ದಿನ ಯಾವ ಹಸುವೂ ಅವಸರಪಟ್ಟು ಬೆದೆಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಕರು ಹಾಕಿದ ಮೇಲೆ ಇನ್ನೂ ಬೆದೆಗೇ ಬಾರದ ಹಸುಗಳಲ್ಲಿ ಎಷ್ಟೋ, ಈ ಏಳು ದಿನದ ಪ್ರೊಜೆಸ್ಟರೋನ್ ತೆಗೆದ ಕೂಡಲೇ ಬೆದೆಗೆ ಬರಲು ಶುರುಮಾಡುತ್ತವೆ.

ಎರಡನೇ ಸೋಮವಾರ ಸಂಜೆ ನಾಲ್ಕರಿಂದ ಏಳರವರೆಗೆ ಸೀಡರ್ ತೆಗೆದು ಪ್ರೊಸ್ಟಾಗ್ಲಾಂಡಿನ್ ಚುಚ್ಚಿದೆವು. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿದು, ಮುಂದಿನ ಬೆದೆ ತಡೆಯುವ ಗಂಟು ಕಾರ್ಪಸ್ ಲೂಟಿಯಂ. ಅದನ್ನು ಕರಗಿಸುವ ಮದ್ದು ಇದು. ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಬಸುರಿ ಹೆಂಗಸರಿಗೆ ಗರ್ಭಪಾತದ ಭಯ, ಆಸ್ತಮಾ ಇರುವವರಿಗೆ ಉಸಿರು ಕಟ್ಟುವ ಭಯ. ಮನೆಯ ಸೊಸೆ ಆಗ ಬಸುರಿ. ಸಿರಿಂಜು ಹಿಡಿಯುವುದರಲ್ಲಿ ಆ ಮನೆಯಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿಲ್ಲ. ಆದರೂ ಅತ್ತೆ ಅವಳನ್ನು ಬಾಟಲಿಯ ಹತ್ತಿರಕ್ಕೂ ಬಿಡದೆ, ದೂರದ ಗೇಟಿನಲ್ಲಿ ಕರು ಬೇರೆ ಮಾಡುವ ಕೆಲಸಕ್ಕೆ ನಿಲ್ಲಿಸಿದಳು. ನಾನು ಎರಡು ಜೊತೆ ಗ್ಲೌಸ್ ಹಾಕಿಕೊಂಡಿದ್ದೆ. ಅದೇ ಸಂಜೆ ಒಂದೊಂದು ಹಸುವಿನ ಬಾಲದ ಬುಡಕ್ಕೂ ಸ್ವಲ್ಪ ಮುಂದೆ ಬೂದುಬಣ್ಣದ ಪಟ್ಟಿ ಅಂಟಿಸಿದೆವು. ಬೆದೆಗೆ ಬಂದ ಹಸುವಿನ ಮೇಲೆ ಬೇರೆ ಹಸುಗಳು ಹತ್ತುತ್ತವೆ, ಹತ್ತಿದಾಗ ಬೂದು ಕೆರೆದುಹೋಗಿ ಕೆಳಗಿನ ಹೊಳೆಯುವ ಕಿತ್ತಳೆ ಬಣ್ಣ ಕಾಣುತ್ತದೆ.

ಗುರುವಾರ ಬೆಳಗ್ಗೆ ಕೊಟ್ಟಿಗೆಯ ಗಡಿಯಾರದಲ್ಲಿ ಆರು. ಸೋಮವಾರ ಮೊದಲು ಚುಚ್ಚಿಸಿಕೊಂಡ ಗುಂಪಿಗೆ ಆಗ 62 ಗಂಟೆ, ಕೊನೆಯ ಗುಂಪಿಗೆ 59. ಅದೇ ಸರದಿಯಲ್ಲಿ ತಂದರೆ ಯಾವುದೂ ತಪ್ಪುವುದಿಲ್ಲ. ಆದರೆ ಆ ಸರದಿ ಉಳಿಸಿಕೊಳ್ಳುವುದು ಹಾರ್ಮೋನಿನ ಕೈಲಾಗುವ ಕೆಲಸವಲ್ಲ, ಗೇಟಿನಲ್ಲಿ ನಿಂತವರದು. ಬೇಲಿಯಾಚೆ ಇನ್ನೂರು ಕರುಗಳು ಒಟ್ಟಿಗೆ ಅರಚುತ್ತಿದ್ದವು. ಪಕ್ಕದವರ ಮಾತು ಕೇಳಿಸದಷ್ಟು ಗದ್ದಲ. ಅದರ ನಡುವೆಯೂ ಒಬ್ಬನೂ ಹಸುವಿನ ಮೇಲೆ ಕೂಗಲಿಲ್ಲ. ಕರೆಂಟು ಕೋಲು ಪಿಕಪ್ಪಿನಲ್ಲೇ ಬಿದ್ದಿತ್ತು. ಹೆದರಿದ ಹಸುವಿನಲ್ಲಿ ಅಂಡ ಬಿಡುಗಡೆ ಮಾಡಿಸುವ ಹಾರ್ಮೋನೇ ಹಿಂದೆ ಸರಿಯುತ್ತದೆ, ಆಮೇಲೆ ಎಷ್ಟು ದುಬಾರಿ ವೀರ್ಯವಿದ್ದರೂ ದಂಡ.

ಹಸು ನಿಲ್ಲಿಸುವ ಡಬ್ಬಿಯನ್ನು ಟ್ರೇಲರಿನಲ್ಲಿ ತಂದಿದ್ದರು. ಎರಡು ಹಸು ಅಕ್ಕಪಕ್ಕ ನಿಲ್ಲುವಂಥದ್ದು. ಮೂರು ಕಡೆ ಮುಚ್ಚಿ, ಒಳಗೆಲ್ಲ ಕತ್ತಲು, ಮುಂದುಗಡೆ ಮಾತ್ರ ಬೆಳಕಿನ ಒಂದು ಕಿಂಡಿ. ಹಸು ಆ ಬೆಳಕು ನೋಡಿಕೊಂಡು ತಾನಾಗಿ ಒಳಗೆ ಹೋಗುತ್ತದೆ. ಕತ್ತು ಹಿಡಿಯುವ ಕಬ್ಬಿಣವಿಲ್ಲ, ಹಿಂದೆ ಒಂದು ಸರಪಳಿ ಅಷ್ಟೇ. ದನಗಳ ಕಣ್ಣಿನಿಂದ ದೊಡ್ಡಿಯನ್ನು ನೋಡುವುದು ಹೇಗೆಂದು ಕಲಿಸಿದ ಟೆಂಪಲ್ ಗ್ರಾಂಡಿನ್ ಇಂಥ ಕತ್ತಲ ಡಬ್ಬಿಯ ಬಗ್ಗೆ ಬಹಳ ಹಿಂದೆಯೇ ಬರೆದಿದ್ದಾರೆ. ಹಳ್ಳಿಯ ಟ್ರೆವಿಸ್‌ನಲ್ಲಿ ಬಾಲ ತಿರುಚಿ, ಮೂಗುದಾರ ಎಳೆದು, ನಾಲ್ಕು ಜನ ಬೈದುಕೊಂಡು ಹಸು ನಿಲ್ಲಿಸಿದ್ದು ನೆನಪಾಗಿ, ಎರಡು ತಗಡು ಹೊಡೆದು ಕತ್ತಲು ಮಾಡಿದ್ದರೆ ಸಾಕಿತ್ತಲ್ಲ ಅನ್ನಿಸಿತು.

ಮೊದಲ ಸರದಿಯಲ್ಲಿ ನನ್ನದು ವೀರ್ಯ ಕರಗಿಸುವ ಮೇಜು. ಕ್ಯಾನಿನ ಒಳಗೆ ಮೈನಸ್ 196 ಡಿಗ್ರಿ. ಕ್ಯಾನಿಸ್ಟರನ್ನು ಕುತ್ತಿಗೆಯ ಹಿಮದ ಗೆರೆಗಿಂತ ಮೇಲೆತ್ತದೆ, ಚಿಮಟದಲ್ಲಿ ವೀರ್ಯ ತುಂಬಿದ ಸಣ್ಣ ಕೊಳವೆ, ಅಂದರೆ ಸ್ಟ್ರಾ, ಒಂದೊಂದೇ ಹಿಡಿದು ಸರಕ್ಕನೆ 35 ಡಿಗ್ರಿ ನೀರಿಗೆ ಹಾಕಬೇಕು. ಇಲ್ಲಿಯ ಸ್ಟ್ರಾ ಅರ್ಧ ಮಿಲಿಲೀಟರಿನದು, ನಮ್ಮಲ್ಲಿಯ ಕಾಲು ಮಿಲಿಲೀಟರಿನದಕ್ಕಿಂತ ದಪ್ಪ, ಮೊದಮೊದಲು ಬೆರಳಿಗೆ ಒಗ್ಗುತ್ತಿರಲಿಲ್ಲ. ನಲವತ್ತು ಸೆಕೆಂಡ್ ಆದಮೇಲೆ ತೆಗೆದು ಒರೆಸಬೇಕು. ಒಂದು ಹನಿ ನೀರು ಉಳಿದು ಒಳಗೆ ಸೇರಿದರೆ ವೀರ್ಯಾಣು ಸತ್ತಂತೆ. ತುದಿ ನೇರವಾಗಿ ಕತ್ತರಿಸಿ, ವೀರ್ಯ ಒಳಗೆ ಬಿಡುವ ಉದ್ದ ಕಡ್ಡಿಗೆ, ಅಂದರೆ ಮೊದಲೇ ಬಿಸಿಮಾಡಿಟ್ಟ ಗನ್ನಿಗೆ ಹಾಕಿ, ಶೀಥ್ ಎಂಬ ಹೊದಿಕೆ ತೊಡಿಸಿ, ತಣ್ಣಗಾಗದ ಹಾಗೆ ಅಂಗಿಯೊಳಗೆ ಬೆನ್ನಿಗೆ ಸಿಕ್ಕಿಸಿಕೊಂಡು ಓಡಬೇಕು. ಹತ್ತು ನಿಮಿಷದಲ್ಲಿ ಬಳಸಿ ಮುಗಿಸುವಷ್ಟನ್ನೇ ಕರಗಿಸಬೇಕು. ಡಬ್ಬಿಯಲ್ಲಿ ಹಸು ನಿಂತಿದೆಯೋ ಇಲ್ಲವೋ ಅಂತ ಸರಪಳಿಯ ಸದ್ದಿನಿಂದಲೇ ತಿಳಿದುಕೊಳ್ಳುವುದನ್ನು ಅವತ್ತು ಕಲಿತೆ. ಸದ್ದು ತಡವಾದರೆ ಮುಂದಿನ ಸ್ಟ್ರಾ ನೀರಿಗೆ ಬೀಳುವುದಿಲ್ಲ.

ಎರಡನೇ ಸರದಿಗೆ ತೋಳುದ್ದದ ಗ್ಲೌಸ್ ಹಾಕಿದೆ. ಎಡಗೈ ಗುದದೊಳಗೆ, ಗರ್ಭಕಂಠ ಹಿಡಿಯಲು. ಬಲಗೈಯಲ್ಲಿ ಗನ್ನು. ಉಂಗುರ ಉಂಗುರವಾಗಿ ದಾಟಿ, ಗರ್ಭಕೋಶದ ಬಾಗಿಲಲ್ಲಿ ನಿಧಾನವಾಗಿ ಬಿಡಬೇಕು. ಹೊರಗೆ ಎಳೆಯುವ ಮೊದಲು ಮಾಲೀಕನ ಹೆಂಡತಿ ಕಿವಿಯ ನಂಬರು, ಗೂಳಿಯ ಕೋಡ್ ನಂಬರು, ಪಟ್ಟಿಯ ಬಣ್ಣ ಬರೆದುಕೊಂಡಾಗಿರುತ್ತಿತ್ತು. ಪಟ್ಟಿ ಪೂರ್ತಿ ಕಿತ್ತಳೆಯಾಗಿದ್ದ ಹಸುಗಳಲ್ಲಿ ಗರ್ಭಕೋಶ ಕೈಗೆ ಬಿಗಿಯಾಗಿ ಸಿಗುತ್ತಿತ್ತು, ಲೋಳೆ ಗ್ಲೌಸಿಗೆ ಎಳೆಯಾಗಿ ಅಂಟುತ್ತಿತ್ತು. ಬೂದು ಹಾಗೇ ಇದ್ದವುಗಳಲ್ಲಿ ಬಿಗಿ ಕಮ್ಮಿ. ಬೆದೆ ತೋರಿಸದ ಹಸುವಿಗೆ ವೀರ್ಯದ ಜೊತೆ ಕೊಡುವ ಜಿಎನ್‌ಆರ್‌ಎಚ್ ಚುಚ್ಚುಮದ್ದೇ ದಿಕ್ಕು. ಕಿತ್ತಳೆಯವುಗಳಿಗೆ ಅದು ಬೇಕಿಲ್ಲ ಅನ್ನುವವರಿದ್ದಾರೆ, ಆದರೂ ಇಲ್ಲಿ ಎಲ್ಲಕ್ಕೂ ಕೊಟ್ಟೆವು.

ಬೇಲಿಯ ಮೇಲೆ ಮೊಣಕೈ ಊರಿ ನೋಡುತ್ತಿದ್ದ ಮಾಲೀಕನ ಅಪ್ಪ ಮಾತ್ರ ಒಂದನ್ನೂ ಒಪ್ಪಿರಲಿಲ್ಲ. 'ನನ್ನ ಗೂಳಿಗಳು ಗಡಿಯಾರ ನೋಡಿದವಲ್ಲ' ಅನ್ನುವುದು ಅವನ ವಾದ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಪ್ರಶ್ನೆ ಅವನಲ್ಲಿತ್ತು. ಒಂದೇ ದಿನ ಗಬ್ಬ ಕಟ್ಟಿಸಿದರೆ ಒಂದೇ ದಿನ ಈಯುತ್ತವೆ, ಆ ದಿನವೇ ಹಿಮಗಾಳಿ ಬಂದರೆ? ನೆಬ್ರಾಸ್ಕದಲ್ಲಿ ಇದನ್ನು ನಕ್ಕು ತಳ್ಳಿಹಾಕಲು ಆಗುವುದಿಲ್ಲ. 2019ರ ಮಾರ್ಚ್‌ನ ಬಾಂಬ್ ಸೈಕ್ಲೋನ್‌ನಲ್ಲಿ ಕರು ಕಳೆದುಕೊಂಡ ಮನೆಗಳು ಬಹಳ. ಮಗ ಸಮಾಧಾನವಾಗಿ ಹೇಳಿದ: ಗಬ್ಬದ ಅವಧಿ ಸುಮಾರು 283 ದಿನವಾದರೂ ಒಂದು ಹಸು ವಾರ ಮೊದಲು ಈಯುತ್ತದೆ, ಇನ್ನೊಂದು ವಾರ ತಡವಾಗಿ. ಒಂದೇ ದಿನದ ಗರ್ಭಧಾರಣೆಯ ಕರುಗಳು ಎರಡು ವಾರಕ್ಕೂ ಮಿಕ್ಕಿ ಹರಡಿಕೊಳ್ಳುತ್ತವೆ. ಜೂನ್ ಮೂರನೇ ವಾರ ಹಿಡಿದದ್ದೂ ಕರುಗಳು ಮಾರ್ಚ್ ಕೊನೆಯ ಆಚೀಚೆ ಬರಲಿ ಅಂತಲೇ. ಮುದುಕ ತಲೆಯಾಡಿಸಲಿಲ್ಲ, ಎದ್ದು ಹೋಗಲೂ ಇಲ್ಲ.

ದುಡ್ಡಿನ ಲೆಕ್ಕ ಕರುವಿನ ತೂಕದಲ್ಲಿದೆ. ತಾಯಿಯ ಹಾಲು ಮತ್ತು ಹುಲ್ಲಿನ ಮೇಲೆ ಕರು ದಿನಕ್ಕೆ ಎರಡು ಪೌಂಡಿನ ಆಸುಪಾಸು ಏರುತ್ತದೆ. ಇಪ್ಪತ್ತು ದಿನ ಮೊದಲು ಹುಟ್ಟಿದ ಕರು ಅಕ್ಟೋಬರ್‌ನಲ್ಲಿ ತಾಯಿಯಿಂದ ಬಿಡಿಸುವ ಹೊತ್ತಿಗೆ ನಲವತ್ತು ಪೌಂಡ್ ಜಾಸ್ತಿ ತೂಗುತ್ತದೆ. ಗೂಳಿಯ ಲೆಕ್ಕ ಬೇರೆ. ಇಪ್ಪತ್ತೈದು ಹಸುವಿಗೆ ಒಂದರಂತೆ ಇನ್ನೂರಕ್ಕೆ ಎಂಟು ಗೂಳಿ ಸಾಕಬೇಕಿತ್ತು. ಅರ್ಧ ಹಸುಗಳು ಮೊದಲೇ ಗಬ್ಬವಾದರೆ ಮಿಕ್ಕಿದ್ದಕ್ಕೆ ನಾಲ್ಕು ಸಾಕು.

ಹನ್ನೊಂದರ ಹೊತ್ತಿಗೆ ಬಿಸಿಲು ಏರುವ ಮೊದಲೇ ಕೊನೆಯ ಹಸು ಹೊರಬಿತ್ತು. ಕರುಗಳನ್ನು ಬಿಟ್ಟ ಕೂಡಲೇ ಅಂಗಳ ಒಂದೇ ಗೊಂದಲ, ಆಮೇಲೆ ಒಂದೊಂದೂ ತನ್ನ ತಾಯಿಯನ್ನು ಹುಡುಕಿಕೊಂಡಿತು. ಅವತ್ತೇ ಮಧ್ಯಾಹ್ನ ಎಲ್ಲವನ್ನೂ ನಿಧಾನವಾಗಿ ನಡೆಸಿಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಬಿಟ್ಟೆವು. ನಾಲ್ಕು ದಿನ ಕಳೆದಮೇಲೆ ಸಾಗಿಸಿದರೆ ಭ್ರೂಣಕ್ಕೆ ಅಪಾಯ, ಆಮೇಲೆ ಆರು ವಾರ ಅವನ್ನು ಅಲುಗಾಡಿಸಬಾರದು. ಗೂಳಿ ಬಿಟ್ಟದ್ದು ಎರಡು ವಾರ ಕಳೆದ ಮೇಲೆ, ಯಾವ ಗಬ್ಬ ಯಾರದ್ದು ಎಂಬ ತಕರಾರು ಬರಬಾರದೆಂದು.

ಆಗಸ್ಟ್‌ನಲ್ಲಿ ಅಲ್ಟ್ರಾಸೌಂಡ್ ಹಿಡಿದು ಮತ್ತೆ ಹೋದೆವು. ಎರಡು ತಿಂಗಳಿನ ಭ್ರೂಣವೂ ಗೂಳಿ ಕೊಟ್ಟ ಎಳೆ ಭ್ರೂಣವೂ ಪರದೆಯ ಮೇಲೆ ಬೇರೆ ಬೇರೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಗುರುವಾರದ ಗಬ್ಬಗಳು ಅರ್ಧಕ್ಕಿಂತ ಸ್ವಲ್ಪ ಮೇಲಿದ್ದವು. ಈ ಪದ್ಧತಿಯಲ್ಲಿ ಮರ್ಯಾದೆಯ ಅಂಕ ಅದು. ನೂರಕ್ಕೆ ತೊಂಬತ್ತು ಅಂತ ಹೇಳುವವರು ಸಿಕ್ಕರೆ ನಾನು ನಂಬುವುದಿಲ್ಲ. ಮಾಲೀಕನ ಹೆಂಡತಿಯ ಪುಸ್ತಕ ತೆಗೆದು ಹೋಲಿಸಿದಾಗ ಕಿತ್ತಳೆ ಪಟ್ಟಿಯ ಹಸುಗಳು ಹೆಚ್ಚು ಕಟ್ಟಿದ್ದವು. ಕಟ್ಟದೇ ಹೋದವುಗಳಲ್ಲಿ ಬಹಳಷ್ಟು ಮೇ ತಿಂಗಳಲ್ಲಿ ಈದವು, ಇಲ್ಲವೇ ಬೆನ್ನುಮೂಳೆ ಕಾಣುವಂತೆ ಬಡಕಲಾಗಿದ್ದವು. ಈದು ಐವತ್ತು ದಿನವಾದರೂ ಆಗಿರಬೇಕು, ಮೈಯಲ್ಲಿ ತುಸು ಕೊಬ್ಬಿರಬೇಕು. ಅದಿಲ್ಲದಿದ್ದರೆ ಸೀಡರ್ ತಾನೇ ಏನು ಮಾಡೀತು? ತುಮಕೂರಿನಲ್ಲಿ 'ಎಷ್ಟು ಸಲ ಹಾಕಿಸಿದರೂ ನಿಲ್ಲುತ್ತಿಲ್ಲ ಡಾಕ್ಟ್ರೇ' ಎನ್ನುವವರ ಹಸುಗಳನ್ನು ನೋಡಿದಾಗಲೂ ಮೊದಲು ಕೇಳಬೇಕಾದದ್ದು ಮೇವಿನ ಮಾತೇ ಆಗಿರುತ್ತಿತ್ತು.

ಊಟದ ಮೇಜಿನ ಮೇಲೆ ಮುಂದಿನ ವರ್ಷದ ಚರ್ಚೆ ನಡೆಯಿತು. ನನಗೆಂದು ಬೇರೆ ತಟ್ಟೆಯಲ್ಲಿ ಚೀಸ್ ಸ್ಯಾಂಡ್‌ವಿಚ್ ಇಟ್ಟಿದ್ದರು. ಮಿಸೌರಿ ವಿಶ್ವವಿದ್ಯಾಲಯದವರು ರೂಪಿಸಿದ ಸೆವೆನ್ ಅಂಡ್ ಸೆವೆನ್ ಸಿಂಕ್ ಬಗ್ಗೆ ನಾನು ಹೇಳಿದೆ. ಅದರಲ್ಲಿ ಒಂದು ವಾರ ಮುಂಚೆಯೇ ಪ್ರೊಸ್ಟಾಗ್ಲಾಂಡಿನ್ ಜೊತೆ ಸೀಡರ್ ಇಟ್ಟುಬಿಡುತ್ತಾರೆ, ಬೆದೆ ತೋರಿಸುವ ಹಸುಗಳು ಹೆಚ್ಚುತ್ತವೆ. ಮಾಲೀಕ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: ಹಿಂಡನ್ನು ಎಷ್ಟು ಸಲ ಒಟ್ಟುಮಾಡಬೇಕು? ನಾಲ್ಕು ಅಂದೆ. ಅಷ್ಟು ಹೊತ್ತಿಗೆ ಹುಲ್ಲು ಕೊಯ್ಲಿನ ತಯಾರಿ ಶುರುವಾಗಿರುತ್ತದೆ, ನಾಲ್ಕನೇ ದಿನಕ್ಕೆ ಜನ ಎಲ್ಲಿಂದ ತರಲಿ ಅಂದ. ಅಲ್ಲಿಗೆ ಆ ಮಾತು ಮುಗಿಯಿತು. ಕೊನೆಗೆ ನಿಂತದ್ದು ಹೀಗೆ: ಹಸುಗಳಿಗೆ ಇದೇ ಪದ್ಧತಿ, ತಡವಾಗಿ ಈದವನ್ನೂ ಬಡಕಲಾದವನ್ನೂ ಮೊದಲೇ ಬೇರೆಮಾಡಿ ನೇರ ಗೂಳಿಗೆ ಬಿಡುವುದು. ಪಡ್ಡೆಗಳಿಗೆ ಸೀಡರ್ ಬದಲು ಹದಿನಾಲ್ಕು ದಿನ ಮೇವಿನಲ್ಲೇ, ಸೀಡರ್ ಹಾಗೆ ಬೆದೆ ತಡೆಹಿಡಿಯುವ ಎಂಜಿಎ ಎಂಬ ಹಾರ್ಮೋನು ಬೆರೆಸಿ ಕೊಡುವುದು. ಅದಕ್ಕೆ ಯಾವ ಹಸುವನ್ನೂ ಹಿಡಿಯಬೇಕಾಗಿಲ್ಲ.

ಮುದುಕನೂ ಕೊನೆಗೆ ಗೂಳಿ ಮಾರಲು ಒಪ್ಪಿದ. ನಾಲ್ಕಲ್ಲ, ಎರಡು.