ನಾವು ನಿಂತರೆ ಯಾರಿಗೇನು ನಷ್ಟ?

ಇಪಿಎಸ್-95, ಅಂದರೆ 1995ರ ನೌಕರರ ಪಿಂಚಣಿ ಯೋಜನೆಯ ಪಿಂಚಣಿದಾರರ ಸಭೆಗಳಿಂದ ಬಹಳ ಕಾಲ ತಪ್ಪಿಸಿಕೊಂಡಿದ್ದ ನಾನು, ಹಳೆಯ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಮಣಿದು ಒಂದು ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋದೆ. ಸಭೆ ಶುರುವಾದದ್ದು ಮೌನಾಚರಣೆಯಿಂದ. ಹಿಂದಿನ ಸಭೆಯ ನಂತರ ತೀರಿಕೊಂಡ ಸದಸ್ಯರ ಹೆಸರುಗಳನ್ನು ಕಾರ್ಯದರ್ಶಿಗಳು ಹಾಜರಿ ಕೂಗುವ ಧಾಟಿಯಲ್ಲೇ ಓದಿದರು.

ನಮ್ಮ ಪೀಳಿಗೆ ದೊಡ್ಡದೇನನ್ನೂ ನಂಬಿರಲಿಲ್ಲ. ಕಾರ್ಖಾನೆಯಲ್ಲೋ ಸಾರಿಗೆ ಸಂಸ್ಥೆಯಲ್ಲೋ ಕೆಲಸ ಕಾಯಂ ಆದರೆ ಮುಪ್ಪಿಗೊಂದು ದಾರಿಯಾಯಿತು ಎಂದಷ್ಟೇ ನಂಬಿತ್ತು. 1995ರ ನವೆಂಬರಿನಲ್ಲಿ ಈ ಯೋಜನೆ ಜಾರಿಗೆ ಬಂದಾಗ, ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲಿನಿಂದ ಸಂಬಳದ ಶೇ 8.33ರಷ್ಟು ಪಿಂಚಣಿಗೆ ಹೋಗುತ್ತದೆಂದು ಕೇಳಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಲೆಕ್ಕ ನಡೆದದ್ದು ನಮ್ಮ ನಿಜವಾದ ಸಂಬಳದ ಮೇಲಲ್ಲ, 2001ರಿಂದ 2014ರವರೆಗೆ 6,500 ರೂಪಾಯಿಯಲ್ಲೇ ನಿಂತಿದ್ದ ಮಿತಿಯ ಮೇಲೆ. ಅದನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದಾಗ ಉಳಿಯುವುದು ಎಷ್ಟೆಂದು ಸೇವೆಯಲ್ಲಿದ್ದಾಗ ಯಾರೂ ಕೂತು ನೋಡಲಿಲ್ಲ. 2013ರಲ್ಲಿ ನಿವೃತ್ತನಾದ ನನಗೆ ಬರುವುದು ಎರಡು ಸಾವಿರದ ಇನ್ನೂರು ಚಿಲ್ಲರೆ. ತುಟ್ಟಿಭತ್ಯೆ ಇಲ್ಲದ್ದರಿಂದ ಅದು ಅಂದು ಎಷ್ಟಿತ್ತೋ ಇಂದೂ ಅಷ್ಟೇ. ನಿಜವಾದ ಸಂಬಳದ ಮೇಲೆ ಲೆಕ್ಕ ಹಾಕುವ ಹೆಚ್ಚಿನ ಪಿಂಚಣಿಯ ಬಗ್ಗೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಅದು ಬೇಕೆಂದು ಆಯ್ಕೆಪತ್ರ ಸಲ್ಲಿಸದೆ 2014ರ ಸೆಪ್ಟೆಂಬರ್ 1ಕ್ಕೆ ಮೊದಲೇ ನಿವೃತ್ತರಾದ ನನ್ನಂಥವರನ್ನು ಹೊರಗೇ ಇಟ್ಟಿತು.

ಕನಿಷ್ಠ ಪಿಂಚಣಿಯನ್ನು 1,000ದಿಂದ 7,500 ರೂಪಾಯಿಗೆ ಏರಿಸಿ ತುಟ್ಟಿಭತ್ಯೆ ಸೇರಿಸಬೇಕೆಂಬ ಘೋಷಣೆ ಮೊಳಗಿದಾಗ ನಡುಗುವ ಕೈಗಳೂ ಮೇಲೆದ್ದವು. ಒಬ್ಬರು ಮಾತ್ರ ಕೂತಲ್ಲಿಂದ ಅಲುಗಲಿಲ್ಲ. 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳಲ್ಲಿ ನಡೆದ 77 ದಿನಗಳ ಮುಷ್ಕರದಲ್ಲಿದ್ದವರು ಅವರು. “ಆಗ ನಾವು ಕೈ ಕಟ್ಟಿದರೆ ಮಿಷನ್ನು ನಿಲ್ತಿತ್ತು ಸಾರ್, ಈಗ ನಾವೇ ನಿಂತುಹೋದರೂ ಯಾರಿಗೇನು ನಷ್ಟ?” ಎಂದರು. ಅವರ ಮಾತನ್ನು ನಾನು ಒಪ್ಪುತ್ತೇನೆ. ಸ್ವಂತ ಮನೆಯಿರುವವರು, ಮಕ್ಕಳು ನೋಡಿಕೊಳ್ಳುತ್ತಿರುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಹಣದ ಕೊರತೆಗಿಂತ, ಕೇಳಿಸಿಕೊಳ್ಳಲೇಬೇಕಾದ ಅನಿವಾರ್ಯತೆ ಎದುರಿನವರಿಗೆ ಇಲ್ಲವಾದದ್ದೇ ಇವರನ್ನು ಒಳಗಿನಿಂದ ಕುಗ್ಗಿಸಿದೆ.

ಗುತ್ತಿಗೆಯ ಮೇಲೆ ದುಡಿಯುವ ನನ್ನ ಮಗನಿಗೆ ಈ ಸಂಕಟ ಅರ್ಥವಾಗುವುದಿಲ್ಲ. “ನನಗೆ ಯಾರೂ ಏನೂ ಕೊಡ್ತೀವಿ ಅಂದಿಲ್ಲವಲ್ಲಪ್ಪ, ಮೋಸ ಹೋಗೋ ಪ್ರಶ್ನೆಯೇ ಇಲ್ಲ” ಎಂದು ಅವನು ನಗುತ್ತಾನೆ. ನನಗೆ ಅವನ ನಿಶ್ಚಿಂತೆ ನಮ್ಮ ನಿರಾಶೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಆದ್ದರಿಂದಲೇ, ಗುತ್ತಿಗೆ ನೌಕರರ ಪಿಂಚಣಿಯ ಬಗ್ಗೆಯೂ ಮನವಿಪತ್ರದಲ್ಲಿ ಒಂದು ಸಾಲು ಇರಲೆಂದು ಸಭೆಯಲ್ಲಿ ಸೂಚಿಸಿದೆ. ಮುಷ್ಕರದ ಹಿರಿಯರು ತಲೆಯಾಡಿಸಿದರು, ಉಳಿದವರು ಮೊದಲು ನಮ್ಮದಾಗಲಿ ಎಂದು ಗದ್ದಲವೆಬ್ಬಿಸಿದರು, ಕಾರ್ಯದರ್ಶಿಗಳು ವಿಷಯವನ್ನು ಮುಂದಿನ ತಿಂಗಳಿಗೆ ಮುಂದೂಡಿದರು.