ಅಳಗುಳಿಮಣೆ ಹಾಸುವ ಮುನ್ನ

ಆಟ, ಹವ್ಯಾಸಗಳ ಮೂಲಕ ಕೊಡುವ ಮನರಂಜನಾ ಚಿಕಿತ್ಸೆಗೆ ಬಂದವರನ್ನು ‘ನಿಮ್ಮ ಹವ್ಯಾಸ ಏನು’ ಎಂದು ಕೇಳಬೇಡಿ. ಮಂಡ್ಯ ಕಡೆಯ ಹಿರಿಯರು ‘ಅಂಥದ್ದೇನೂ ಇಲ್ಲ ಕಣ್ ಸಾ, ಗೇಯ್ಮೆ ಅಷ್ಟೆಯಾ’ ಅಂದುಬಿಡುತ್ತಾರೆ, ಫಾರಂ ಖಾಲಿ ಉಳಿಯುತ್ತದೆ. ಸಂಕ್ರಾಂತಿಗೆ ಕಿಚ್ಚು ಹಾಯಿಸುತ್ತಿದ್ದಿರಾ, ದಸರೆಗೆ ಮನೆಯಲ್ಲಿ ಗೊಂಬೆ ಯಾರು ಕೂರಿಸುತ್ತಿದ್ದರು, ಮಳೆಗಾಲದ ಮಧ್ಯಾಹ್ನ ಏನಾಡುತ್ತಿದ್ದಿರಿ ಎಂದು ಕೇಳಿ. ಮಾತು ಹೊರಡುತ್ತದೆ.

ಅಮೆರಿಕದಲ್ಲಿ ಇದು ಪ್ರತ್ಯೇಕ ವೃತ್ತಿ. ಅಲ್ಲಿ ಪದವಿಯ ಜೊತೆಗೆ 560 ಗಂಟೆಗಳ ಇಂಟರ್ನ್‌ಶಿಪ್ ಮುಗಿಸಿ ಪರೀಕ್ಷೆ ಬರೆಯುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಚಿಕಿತ್ಸೆ), ಸಮಾಜಕಾರ್ಯ ಓದಿದವರೇ ಇದನ್ನೂ ಮಾಡುತ್ತಾರೆ.

ಪಾರ್ಶ್ವವಾಯುವಿನಿಂದ ಕೈ ಸೋತವರಿಗೆ ಅಳಗುಳಿಮಣೆಯಷ್ಟು ಒದಗಿಬರುವ ಆಟ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ಹದಿನಾಲ್ಕು ಗುಳಿ, ಒಂದೊಂದಕ್ಕೆ ಐದರಂತೆ 70 ಹುಣಸೆ ಬೀಜ. ಬೀಜ ಹೆಕ್ಕುವುದು, ಅಂಗೈಯಲ್ಲಿ ಹಿಡಿದಿಡುವುದು, ಒಂದೊಂದಾಗಿ ಬಿಡುವುದು, ಎಣಿಸುವುದು: ನಾಲ್ಕೂ ಒಂದೇ ಆಟದಲ್ಲಿವೆ. ಮೊದಲ ದಿನ ಆಟ ಬೇಡ. ಏಳು ಗುಳಿಯ ಒಂದೇ ಸಾಲಿಗೆ 20 ಬೀಜ ಹಾಕಿಸಿ, ಎಷ್ಟು ಕೈಜಾರಿ ಹೊರಗೆ ಬಿದ್ದವು ಬರೆದಿಡಿ. ‘ಎರಡು ವಾರದಲ್ಲಿ, ಬಲಗೈ ಹೆಬ್ಬೆರಳು ತೋರುಬೆರಳಿಂದ 20ರಲ್ಲಿ 15 ಬೀಳಿಸದೆ ಹಾಕುವುದು’ ಅನ್ನುವುದು ಗುರಿ. ‘ಖುಷಿಯಾಗಿದ್ದರು’ ಎಂದಷ್ಟೇ ಬರೆದರೆ ಮುಂದಿನ ವಾರ ಏನು ಬದಲಿಸಬೇಕೆಂದು ಯಾರಿಗೂ ತಿಳಿಯದು.

ಪಾದ ನೆಲ ಮುಟ್ಟಬೇಕು, ಮೇಜು ಮೊಣಕೈ ಮಟ್ಟಕ್ಕಿರಬೇಕು, ಗಾಲಿಕುರ್ಚಿಯ ಬ್ರೇಕ್ ಹಾಕಿರಬೇಕು. ಮಣೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ. ಎಡಭಾಗಕ್ಕೆ ಗಮನವೇ ಹೋಗದವರಿಗೆ ಮಣೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಪ್ರತಿ ಸಲವೂ ಅಲ್ಲಿಂದಲೇ ಶುರುಮಾಡಿಸಿ. ಭುಜ ಮೇಲೆದ್ದರೆ, ಮೈ ವಾಲಿದರೆ ಬೆರಳಿನ ಕೆಲಸವನ್ನು ಮೈ ಮಾಡುತ್ತಿದೆ ಎಂದರ್ಥ. ಮಣೆ ಹತ್ತಿರ ಎಳೆಯಿರಿ, ಬೀಜ ಕಡಿಮೆ ಮಾಡಿ. ಇಪ್ಪತ್ತು ನಿಮಿಷ ಸಾಕು, ಅದಕ್ಕೂ ಮುಂಚೆ ದಣಿದರೆ ಅಲ್ಲಿಗೇ ನಿಲ್ಲಿಸಿ.

ಹೆಚ್ಚು ಕೆಡುವುದು ಮನೆಯವರ ಪ್ರೀತಿಯಿಂದ. ‘ಬಿಡಿ ಅಮ್ಮ, ನಾನು ಹಾಕ್ತೀನಿ’ ಎಂದು ಮಗ ಕೈ ಚಾಚುತ್ತಾನೆ. ಅವನನ್ನು ಎದುರಾಳಿಯಾಗಿ ಕೂರಿಸಿಬಿಡಿ, ಅವನ ಕೈಗೆ ಆಡಲು ಅವನದೇ ಸಾಲು ಸಿಗುತ್ತದೆ.

ಮರೆವಿನ ಕಾಯಿಲೆಯವರ ಮುಂದೆ ಬಿಡಿ ಬೀಜ ಇಡಲೇಬಾರದು, ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೇ ಮಣೆಯ ಜೊತೆ ಬರುವ ಗುಲಗಂಜಿಯನ್ನಂತೂ ಯಾರಿಗೂ ಕೊಡಬೇಡಿ. ಅಗಿದರೆ ಅದು ವಿಷ.